ದೇಜಪ್ಪ ಮಾಸ್ತರ ಎಂಟು ಸೆಕೆಂಡ್

ನಮ್ಮ ಶಾಲೆ ನಡೆಸುವ ಕನ್ನಡ ಸಂಘದ ಕಾರ್ಯದರ್ಶಿಗಳು ಹದಿನೈದು ದಿನದ ಹಿಂದೆ ಆಫೀಸಿಗೇ ಬಂದು ನನ್ನ ಟೇಬಲ್ಲಿನ ಮುಂದೆ ಕೂತರು. "ಪ್ರಫುಲ್ಲಾ ಬಾಯಿ, ಡಿಸೆಂಬರ್ ಮೂವತ್ತೊಂದಕ್ಕೆ ನಮ್ಮ ದೇಜಪ್ಪ ಮಾಸ್ತರು ರಿಟೈರ್ ಆಗ್ತಾರೆ. ಬೀಳ್ಕೊಡುಗೆ ಪುಸ್ತಕಕ್ಕೆ ಅವರ ಬಗ್ಗೆ ನಾಲ್ಕು ಪುಟ ಬರೆದುಕೊಡಿ. ಬರೀ ಒಳ್ಳೆ ಮಾತೇ ಇರಲಿ" ಅಂದರು. ಬರೀ ಒಳ್ಳೆ ಮಾತು ಬೇಕಿದ್ದರ ಬ್ಯಾರೆಯವರ ಕಡೆ ಬರಸ್ಕೋರಿ ಅಂದೆ. ಅವರು ನಕ್ಕರು. ನಾನೇನು ತಮಾಷೆ ಮಾಡಿರಲಿಲ್ಲ.

ಆದ್ದರಿಂದ ಮೊದಲು ಮಾಸ್ತರ ಕುಂದುಗಳನ್ನೇ ಬರೆಯುತ್ತೇನೆ. ಅದು ಅವರದೇ ಪದ್ಧತಿ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಮರಾಠಿ ನಾಡಿನ ಕಲ್ಯಾಣದ ಈ ಕನ್ನಡ ಶಾಲೆಯಲ್ಲಿ ಅವರು ಮೂವತ್ತೊಂದು ವರ್ಷದಿಂದ ಪಿ.ಟಿ. ಮಾಸ್ತರು, ನಾನು ಇಪ್ಪತ್ತೆರಡು ವರ್ಷದಿಂದ ಕ್ಲಾರ್ಕು. ಅಷ್ಟೂ ವರ್ಷ ಅವರು ಸರಿಯಾಗಿ ನನ್ನ ಕಿಟಕಿಯ ಕೆಳಗೇ ನಿಂತು ಸೀಟಿ ಊದಿದ್ದಾರೆ. ನನ್ನ ಬಲಗಿವಿ ಮಂದವಾಗಿದ್ದರೆ ಅದಕ್ಕೆ ಅವರೇ ಕಾರಣ. ಮಳೆಗಾಲದಲ್ಲಿ ಕೊಡೆ ಕೇಳಿ ಒಯ್ದರೆ ದೀಪಾವಳಿಗೂ ವಾಪಸ್ಸು ಬರುವುದಿಲ್ಲ. ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಅಂದರೆ ವಾರಕ್ಕೊಮ್ಮೆ ಬಂದು ಆರು ದಿನದ್ದು ಒಟ್ಟಿಗೇ ಗೀಚುತ್ತಾರೆ. ನಾನು ಟೈಪ್ ಮಾಡಿಟ್ಟ ಯಾವ ಕಾಗದವನ್ನೂ ಓದುವುದಿಲ್ಲ. "ನೀವು ಟೈಪ್ ಮಾಡಿದ ಮೇಲೆ ನಾನು ನೋಡುದು ಎಂತ ಉಂಟು ಬಾಯಿ?" ಅಂತ ಕಣ್ಣು ಮುಚ್ಚಿ ಸಹಿ ಹಾಕುತ್ತಾರೆ. ಈ ಕಡೆಯ ಕುಂದನ್ನು ನೆನಪಿಟ್ಟುಕೊಳ್ಳಿ, ನಾನು ಅದರ ಲಾಭ ಪಡೆದವಳು.

ಅವರ ಊರು ಕಾರ್ಕಳದ ಹತ್ತಿರ. ಹತ್ತೊಂಬತ್ತರ ವಯಸ್ಸಿಗೆ ಪಕ್ಕದ ಠಾಣೆ ಪಟ್ಟಣಕ್ಕೆ ಬಂದು ಅಲ್ಲಿನ ನೌಪಾಡಾದಲ್ಲಿ ಮುಂಡಪ್ಪಣ್ಣನ ಹೊಟೇಲಿನಲ್ಲಿ ಸಪ್ಲೈಯರ್ ಆದವರು. ದುಡಿಯುತ್ತಲೇ ಬಿ.ಎ. ಮಾಡಿದರು, ಬಿ.ಪಿ.ಎಡ್. ಮಾಡಿದರು, ಕಾಲೇಜಿನ ಕೂಟಗಳಲ್ಲಿ ಓಡಿದರು. ನಮ್ಮ ಶಾಲೆಯಲ್ಲಿ ಪಿ.ಟಿ. ಮಾಸ್ತರ ಜಾಗ ಖಾಲಿಯಾದಾಗ ಮುಂಡಪ್ಪಣ್ಣ ಆಗಿನ ಹೆಡ್‌ಮಾಸ್ತರಿಗೆ ಒಂದು ಚೀಟಿ ಬರೆದು ಇವರ ಕೈಯಲ್ಲೇ ಕಳಿಸಿದರಂತೆ. ಆ ಚೀಟಿಗೆ ಪ್ಲಾಸ್ಟಿಕ್ ಹಾಕಿಸಿ ಮಾಸ್ತರು ಇವತ್ತಿಗೂ ಪಾಕೀಟಿನಲ್ಲಿ ಇಟ್ಟುಕೊಂಡಿದ್ದಾರೆ. ನಾನು ಓದಿದ್ದೇನೆ. "ನಮ್ಮ ದೇಜಪ್ಪನನ್ನು ಕಳಿಸಿದ್ದೇನೆ. ಸಪ್ಲೈಯರ್ ಕೆಲಸಕ್ಕೆ ಪ್ರಯೋಜನ ಇಲ್ಲ. ಗಿರಾಕಿ ಚಟ್ನಿ ಕೇಳಿದರೆ ಓಡಿಯೇ ತರುತ್ತಾನೆ, ಅರ್ಧ ದಾರಿಯಲ್ಲೇ ಚೆಲ್ಲುತ್ತಾನೆ. ಬಿಲ್ಲು ಕೂಡಿಸಲು ಬಾರದು. ಸುಳ್ಳು ಹೇಳಲು ಬಾರದು. ಓಡುವ, ಓಡಿಸುವ ಕೆಲಸ ಇದ್ದರೆ ಕೊಡಿ." ಇಷ್ಟೇ.

"ಇದೆಂಥ ಶಿಫಾರಸ್ರೀ?" ಅಂತ ನಾನು ಒಮ್ಮೆ ಕೇಳಿದ್ದೆ.

"ನಮ್ಮ ಹೊಟೇಲಿನವರಲ್ಲಿ ಹಾಗೇ ಬಾಯಿ. ಒಬ್ಬನನ್ನು ಇನ್ನೊಂದು ಹೊಟೇಲಿಗೆ ಕಳಿಸುವಾಗ ಚೀಟಿಯಲ್ಲಿ ಅವನ ಕುಂದು ಬರೀಬೇಕು. ಒಳ್ಳೆ ಗುಣ ಎಂತದ್ದು, ನಾಲ್ಕು ದಿನದಲ್ಲಿ ತನ್ನಷ್ಟಕ್ಕೇ ಗೊತ್ತಾಗ್ತದೆ. ಕುಂದು ಮುಚ್ಚಿಟ್ಟು ಕಳಿಸಿದ್ರೆ ಆಚೆ ಧಣಿ ನಾಳೆಯಿಂದ ನಮ್ಮ ಚೀಟಿ ನಂಬುದಿಲ್ಲ. ಹೋದವನಿಗೂ ಕಷ್ಟ. ಮೊದಲೇ ಗೊತ್ತಿದ್ದವರು ತಿದ್ತಾರೆ, ಗೊತ್ತಿಲ್ಲದವರು ಓಡಿಸ್ತಾರೆ."

ನಮ್ಮ ಕಡೆ, ವಿಜಯಪುರದಾಗ, ಹೆಣ್ಣು ತೋರಿಸುವಾಗ ಹುಡುಗಿಯ ಅಡಿಗೆ, ಹಾಡು, ಕಸೂತಿ ಎಲ್ಲಾ ಹೊಗಳಿ ಮುಗಿಸಿದ ಮೇಲೆ ಮಾತ್ರ ಚಹಾ ಬರುವುದು. ಹಾಗೆ ಬೆಳೆದವಳಿಗೆ ಈ ಚೀಟಿ ಹೇಗೆ ತಲೆಗೆ ಹೋಗಬೇಕು ಹೇಳಿ.

ನಮ್ಮ ಶಾಲೆಗೆ ಮೈದಾನ ಇಲ್ಲ. ಇರುವುದು ಒಂದು ಅಂಗಳ, ಅದರಲ್ಲಿ ಅರ್ಧ ಭಾಗ ಸ್ಕೂಟರು ನಿಲ್ಲಿಸಲಿಕ್ಕೆ. ಹಾಗಾಗಿ ಮಾಸ್ತರು ಮಕ್ಕಳನ್ನು ಬೆಳಿಗ್ಗೆ ವಾಹನಗಳ ಓಡಾಟ ಶುರುವಾಗುವ ಮೊದಲೇ ಪಕ್ಕದ ಠಾಕುರ್ಲಿಯ ನೈಂಟಿ ಫೀಟ್ ರೋಡಿಗೆ ಕರೆದೊಯ್ಯುತ್ತಾರೆ. ಯಾರಿಂದಲೋ ಟೇಪು ಎರವಲು ತಂದು ಆ ರಸ್ತೆಯನ್ನು ಒಂದು ಭಾನುವಾರ ಪೂರ್ತಿ ಅಳೆದಿದ್ದರು. ಎಂಟ್ನೂರು ಮೀಟರು ಅಂದರೆ ಇಪ್ಪತ್ತೇಳು ದೀಪದ ಕಂಬ, ಕೊನೆಗೆ ವಡಾಪಾವ್ ಗಾಡಿ. ಗಾಡಿಯವನು ಜಾಗ ಬದಲಿಸಬಾರದು ಅಂತ ಅವನ ಹತ್ತಿರ ಭಾಷೆ ತೆಗೆದುಕೊಂಡಿದ್ದಾರೆ. ಮೂವತ್ತೊಂದು ವರ್ಷದಲ್ಲಿ ಇದೇ ರಸ್ತೆಯಿಂದ ಎಷ್ಟೋ ಮಕ್ಕಳು ಜಿಲ್ಲಾ ಮಟ್ಟಕ್ಕೆ ಹೋದರು. ಪದಕದ ಫೋಟೋ ತೆಗೆಯುವಾಗ ಮಾತ್ರ ಮಾಸ್ತರು ಇರುವುದಿಲ್ಲ, ಸೋತ ಮಕ್ಕಳ ಹತ್ತಿರ ಇರುತ್ತಾರೆ.

ಆ ಮಕ್ಕಳಲ್ಲೆಲ್ಲ ಶ್ರದ್ಧಾ ಬೇರೆ. ಅವಳ ತಾಯಿಯ ಹೆಸರು ಬಾಗಿ, ಮಹಾಪೆಯ ಐ.ಟಿ. ಪಾರ್ಕಿನ ಒಂದು ಕ್ಯಾಂಟೀನಿನಲ್ಲಿ ಚಪಾತಿ ಲಟ್ಟಿಸುವವಳು. ಮೂಲ್ಕಿ ಕಡೆಯವರು, ಮನೆಯಲ್ಲಿ ತುಳು. ಆದರೆ ಶ್ರದ್ಧಾ ಹುಟ್ಟಿದ್ದು ಬೆಳೆದದ್ದು ಇಲ್ಲೇ. ಕನ್ನಡದಲ್ಲಿ ಬೈದರೆ ಎಲ್ಲಾ ಅರ್ಥವಾಗುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ ಕೊಡುತ್ತಾಳೆ. ಏಳನೇ ಕ್ಲಾಸಿನಲ್ಲಿ ಬಸ್ಸು ತಪ್ಪಿದ್ದಕ್ಕೆ ಬಸ್ಸಿನ ಹಿಂದೆಯೇ ಓಡಿ ಮುಂದಿನ ಸ್ಟಾಪಿನಲ್ಲಿ ಹತ್ತಿದ ಹುಡುಗಿ. ಮಾಸ್ತರು ಅದನ್ನು ಕಂಡರು. ಮರುದಿನದಿಂದ ಅವಳ ಬೆಳಿಗ್ಗೆಗಳು ನೈಂಟಿ ಫೀಟ್ ರೋಡಿನಲ್ಲಿ.

ಈ ಮಾರ್ಚಿನಲ್ಲಿ ಅವಳ ಹತ್ತನೆಯ ಪರೀಕ್ಷೆ ಮುಗಿಯಿತು. ಬೇಲಾಪುರದ ಆಚೆ ಒಂದು ಕಾಲೇಜಿದೆ, ಅಲ್ಲಿ ಕ್ರೀಡೆಯ ಮಕ್ಕಳಿಗೆ ಬೇರೆಯದೇ ವ್ಯವಸ್ಥೆ. ಹನ್ನೊಂದನೆಯಿಂದಲೇ ಹಾಸ್ಟೆಲು, ಊಟ, ಕೋಚು, ನಿಜವಾದ ಟ್ರ್ಯಾಕು, ಎಲ್ಲಾ ಅವರದೇ. ಎಂಟ್ನೂರು ಮೀಟರಿಗೆ ಈ ವರ್ಷ ಇಬ್ಬರೇ ಹುಡುಗಿಯರಿಗೆ ಸೀಟು. ಅರ್ಜಿ, ಅದರ ಜೊತೆ ಪಿ.ಟಿ. ಮಾಸ್ತರ ಶಿಫಾರಸು ಪತ್ರ, ಮೇ ಕೊನೆಯ ಭಾನುವಾರ ಟ್ರಯಲ್.

ಬಾಗಿ ಒಂದು ದಿನ ಕೆಲಸ ಮುಗಿಸಿ ಸೀದಾ ನನ್ನ ಆಫೀಸಿಗೆ ಬಂದಳು. ಕೈಯಲ್ಲಿ ಇನ್ನೂ ಹಿಟ್ಟು ಇತ್ತು.

"ಮೇಡಂ, ಸೀಟು ಸಿಕ್ಕಿದ್ರೆ ಓಡ್ಲಿ. ಸಿಗದಿದ್ರೆ ಇಲ್ಲೇ ಯಾವುದಾದ್ರೂ ಕಾಲೇಜಿಗೆ ಹಾಕಿ ಮಧ್ಯಾಹ್ನ ನನ್ನೊಟ್ಟಿಗೆ ಕ್ಯಾಂಟೀನಿಗೆ ಕರ್ಕೊಂಡು ಹೋಗ್ತೇನೆ. ಕೌಂಟರಿಗೆ ಜನ ಬೇಕಂತೆ. ಓಟ ಮತ್ತೆ ಇಲ್ಲ. ಎಷ್ಟು ದಿನ ರಸ್ತೆಯಲ್ಲಿ ಓಡುದು?" ಎಂದಳು. ಆಮೇಲೆ ದನಿ ತಗ್ಗಿಸಿ, "ಮಾಸ್ತರಿಗೆ ಬರೆಯಲು ಬರುದಿಲ್ಲ ಅಂತ ನನಗೆ ಗೊತ್ತುಂಟು. ನೀವು ಸ್ವಲ್ಪ ಒಳ್ಳೆ ಮಾಡಿ ಬರೆಸಿ" ಅಂದಳು.

ಬರೆಸ್ತೀನಿ, ನೀ ಚಿಂತಿ ಮಾಡಬ್ಯಾಡ ಅಂತ ಮಾತು ಕೊಟ್ಟುಬಿಟ್ಟೆ.

ಎರಡು ದಿನ ಬಿಟ್ಟು ಮಾಸ್ತರು ಪತ್ರ ತಂದರು. ಕನ್ನಡದಲ್ಲಿ, ಪೆನ್ನಿನಲ್ಲಿ, ಒಂದೇ ಹಾಳೆಯ ಎರಡೂ ಬದಿ ತುಂಬಿಸಿ. "ಇದನ್ನು ಇಂಗ್ಲಿಷ್ ಮಾಡಿ ಟೈಪ್ ಮಾಡಿಕೊಡಿ ಬಾಯಿ" ಎಂದು ಇಟ್ಟು ಅಂಗಳಕ್ಕೆ ಹೋದರು. ನಾನು ಅವಸರದಲ್ಲಿ ಅಲ್ಲೊಂದು ಇಲ್ಲೊಂದು ಸಾಲು ಓದತೊಡಗಿದೆ.

"ಮಾನ್ಯರೇ, ಶ್ರದ್ಧಾಳನ್ನು ಕಳಿಸುತ್ತಿದ್ದೇನೆ. ಇವಳು ಸಮಯಕ್ಕೆ ಬರುವುದಿಲ್ಲ. ಐದು ಮುಕ್ಕಾಲು ಅಂದರೆ ಆರು ಹತ್ತು... ಸೋತರೆ ಎರಡು ದಿನ ಯಾರ ಹತ್ತಿರವೂ ಮಾತಾಡುವುದಿಲ್ಲ, ಊಟ ಬಿಡುತ್ತಾಳೆ... ಮೊದಲ ಇನ್ನೂರು ಮೀಟರು ಮೂರ್ಖರ ಹಾಗೆ ಓಡುತ್ತಾಳೆ. ಹೇಳಿದರೆ ಎದುರು ಮಾತಾಡುತ್ತಾಳೆ..."

ಮೊದಲ ಬದಿ ಮುಗಿಯುವ ಮೊದಲೇ ನನಗೆ ತಲೆ ಕೆಟ್ಟುಹೋಯಿತು. ಹಾಳೆ ತಿರುಗಿಸಲೂ ಇಲ್ಲ. ಕಿಟಕಿ ತೆರೆದು ಕೂಗಿದೆ.

"ಏನ್ರೀ ಮಾಸ್ತರ್ರೆ, ಇದೇನ್ ಶಿಫಾರಸು ಬರದೀರೋ, ಪೊಲೀಸ್ ಕಂಪ್ಲೇಂಟ್ ಬರದೀರೋ?"

"ಚೀಟಿ ಬಾಯಿ, ಚೀಟಿ" ಎಂದು ನಗುತ್ತಾ ಸೀಟಿ ಊದಿದರು.

ಹೊಟೇಲಿನ ಚೀಟಿ ಹೊಟೇಲಿಗೆ ಸರಿ. ಕಾಲೇಜಿನವರು ಇದನ್ನು ಓದಿದರೆ ಹುಡುಗಿಯ ಕತೆ ಮುಗಿದ ಹಾಗೇ. ಬಾಗಿಯ ಹಿಟ್ಟಿನ ಕೈ ಕಣ್ಣಮುಂದೆ ಬಂತು. ನಾನು ಕಂಪ್ಯೂಟರಿನ ಮುಂದೆ ಕೂತೆ. ಫೋನಿನಲ್ಲಿ ಹುಡುಕಿ ಹುಡುಕಿ ಒಂದಕ್ಕಿಂತ ಒಂದು ದೊಡ್ಡ ಮಾತು ತೆಗೆದೆ. ಶ್ರದ್ಧಾ ಎಂದರೆ ಶಿಸ್ತಿನ ಸಿಪಾಯಿ, ಸಮಯಪಾಲನೆಯಲ್ಲಿ ಗಡಿಯಾರ, ಸೋಲು ಗೆಲುವನ್ನು ಸಮನಾಗಿ ಕಾಣುವ ಸಾಧ್ವಿ, ಓಟದ ಶೈಲಿಯಲ್ಲಿ ಹುಡುಕಿದರೂ ಒಂದು ದೋಷ ಸಿಗದವಳು. ಬರೆದು ಮುಗಿಸಿದಾಗ ನನಗೇ ಅವಳ ಮೇಲೆ ಭಕ್ತಿ ಬಂತು. ಶಾಲೆಯ ಲೆಟರ್‌ಹೆಡ್ಡಿನಲ್ಲಿ ಪ್ರಿಂಟ್ ತೆಗೆದೆ. ಮಾಸ್ತರು ಬಂದರು, ಎಂದಿನಂತೆ ಓದದೆ ಸಹಿ ಹಾಕಿದರು. "ಇಂಗ್ಲಿಷಿನಲ್ಲಿ ಸಣ್ಣದಾಯಿತಲ್ಲ ಬಾಯಿ" ಅಂತ ಒಂದು ಮಾತು ಹೇಳಿದರು. ಇಂಗ್ಲಿಷು ಹಂಗೇ ಇರ್ತದ ಅಂದೆ. ಲಕೋಟೆಗೆ ಹಾಕಿ ಅಂಟಿಸಿದೆ. ಅವರ ಕೈಬರಹದ ಹಾಳೆಯನ್ನು ಮಾತ್ರ ಕಸಕ್ಕೆ ಹಾಕಲು ಮನಸ್ಸು ಬರಲಿಲ್ಲ. ಮಡಚಿ ಪರ್ಸಿನಲ್ಲಿ ಇಟ್ಟುಕೊಂಡೆ.

ಮೇ ಕೊನೆಯ ಭಾನುವಾರ ನಾವು ನಾಲ್ವರೂ ಹೊರಟೆವು. ಮಾಸ್ತರು, ಶ್ರದ್ಧಾ, ಬಾಗಿ, ನಾನು. ನನಗೇನು ಕೆಲಸ ಅಂತ ಮನೆಯಲ್ಲಿ ಕೇಳಿದರು. ಮಾಡಿದ ಕೆಲಸ ದಡ ಮುಟ್ಟುವುದನ್ನು ನೋಡಬೇಕಲ್ಲ! ಠಾಣೆಯಲ್ಲಿ ಗಾಡಿ ಬದಲಿಸಿ ಪನ್‌ವೇಲ್ ಲೋಕಲ್ ಹತ್ತಿದೆವು. ಮಾಸ್ತರ ಹೆಂಡತಿ ಜಲಜಾಕ್ಷಿಯಕ್ಕ ಕಳಿಸಿದ ನೀರುದೋಸೆಯ ಡಬ್ಬಿ ಮಾಸ್ತರ ತೊಡೆಯ ಮೇಲಿತ್ತು. ಕೊಡ್ರಿ, ಹಸಿವಾಗ್ಯದ ಅಂದರೆ ಕೊಡಲಿಲ್ಲ. "ಓಟದ ನಂತರ" ಎಂದರು. ದಾರಿ ತುಂಬ ಶ್ರದ್ಧಾ ಕಿಟಕಿಯ ಸರಳು ಹಿಡಿದು ಹೊರಗೆ ನೋಡುತ್ತಿದ್ದಳು. ಬಾಗಿ ಅವಳ ಜಡೆಯನ್ನು ಮೂರು ಸಲ ಬಿಚ್ಚಿ ಮೂರು ಸಲ ಹಾಕಿದಳು.

ಅಲ್ಲಿನ ಟ್ರ್ಯಾಕು ಕೆಂಪಗೆ, ಗೆರೆಗಳು ಬೆಳ್ಳಗೆ. ಮಾಸ್ತರು ಬಗ್ಗಿ ಅದನ್ನು ಕೈಯಿಂದ ಮುಟ್ಟಿ ನೋಡಿದರು. ಕೋಚು ಅಪೇಕ್ಷಾ ಮೇಡಂ ಅಂತ, ಮರಾಠಿಯವರು, ನಲವತ್ತರ ಆಸುಪಾಸು, ಕತ್ತಿನಲ್ಲಿ ಸ್ಟಾಪ್‌ವಾಚು, ಮುಖದಲ್ಲಿ ನಗು ಎಂಬುದೇ ಇಲ್ಲ. ಎಂಟ್ನೂರು ಮೀಟರಿಗೆ ಒಂಬತ್ತು ಹುಡುಗಿಯರು ನಿಂತರು.

ಸೀಟಿ ಆಯಿತು. ಶ್ರದ್ಧಾ ಬಾಣ ಬಿಟ್ಟ ಹಾಗೆ ಹೋದಳು. ನಾನು, ಬಾಗಿ ಕೂಗಾಡಿದೆವು. ತಿರುವು ಬಂತು ನೋಡಿ, ಹುಡುಗಿ ಹೊರಹೊರಗೇ ಜಾರಿಕೊಂಡು ಹೋದಳು. ಒಳಗಿನ ಗೆರೆ ಬಿಟ್ಟು ಎರಡನೆಯ ಸಾಲಿಗೆ, ಮೂರನೆಯ ಸಾಲಿಗೆ. ಒಳಗಿನಿಂದ ಇಬ್ಬರು ದಾಟಿದರು. ಮತ್ತೆ ನೆಟ್ಟಗಿನ ದಾರಿಯಲ್ಲಿ ಅವರನ್ನು ಹಿಡಿದಳು, ಮತ್ತೆ ತಿರುವಿನಲ್ಲಿ ಕಳಕೊಂಡಳು. ನಾಲ್ಕು ತಿರುವಿನಲ್ಲೂ ಅದೇ ಹಣೆಬರಹ. ಕೊನೆಗೆ ನಾಲ್ಕನೆಯವಳಾಗಿ ಬಂದು ಹುಲ್ಲಿನ ಮೇಲೆ ಬಿದ್ದಳು. ಸೀಟು ಇದ್ದದ್ದು ಎರಡು. ಬಾಗಿ ಸೆರಗಿನಿಂದ ಮುಖ ಒರೆಸಿಕೊಂಡಳು.

ಅಪೇಕ್ಷಾ ಮೇಡಂ ಫೈಲು ಹಿಡಿದು ನಮ್ಮ ಹತ್ತಿರ ಬಂದರು. ದೇಜಪ್ಪ ಸರ್ ಯಾರು ಎಂದು ಮರಾಠಿಯಲ್ಲಿ ಕೇಳಿದರು. ಮಾಸ್ತರು ಮುಂದೆ ಹೋದರು.

"ನಿಮ್ಮ ಪತ್ರ ಓದಿದೆ. ನನ್ನ ಹತ್ತಿರ ಇಂಥವು ನಲವತ್ತಮೂರು ಬಂದಿವೆ, ಎಲ್ಲರ ಮಕ್ಕಳೂ ಚಿನ್ನವೇ. ಅದರಲ್ಲಿ ನಿಮ್ಮದೇ ಎಲ್ಲಕ್ಕಿಂತ ಚೆಂದ. ಓಟದ ಶೈಲಿಯಲ್ಲಿ ಒಂದೂ ದೋಷ ಇಲ್ಲ ಅಂತ ಬರೆದಿದ್ದೀರಿ. ಈ ಹುಡುಗಿಗೆ ತಿರುವು ಓಡಲಿಕ್ಕೇ ಬರುವುದಿಲ್ಲ. ಒಂದೋ ನಿಮಗೆ ಓಟ ಗೊತ್ತಿಲ್ಲ, ಇಲ್ಲಾ ನೀವು ಸುಳ್ಳು ಬರೆದಿದ್ದೀರಿ. ಎರಡರಲ್ಲಿ ಯಾವುದು?"

ಮಾಸ್ತರು ಪತ್ರ ಕೇಳಿ ತೆಗೆದುಕೊಂಡರು. ಚಷ್ಮಾ ಹಾಕಿಕೊಂಡು ನಿಧಾನಕ್ಕೆ, ಪೂರ್ತಿ ಓದಿದರು. ಇಪ್ಪತ್ತೆರಡು ವರ್ಷದಲ್ಲಿ ನಾನು ಟೈಪ್ ಮಾಡಿದ ಕಾಗದವನ್ನು ಅವರು ಓದಿದ್ದು ಅದೇ ಮೊದಲು. ಅವರು ನನ್ನ ಕಡೆ ಒಮ್ಮೆ ನೋಡಿದರು. ಸಿಟ್ಟು ಇರಲಿಲ್ಲ ರೀ ಆ ನೋಟದಲ್ಲಿ, ಇದ್ದಿದ್ದರೆ ತಡಕೊಳ್ಳುತ್ತಿದ್ದೆ. ಪತ್ರ ವಾಪಸ್ಸು ಕೊಟ್ಟು, ತಮ್ಮ ಹರಕು ಮರಾಠಿಯಲ್ಲಿ, "ಸಹಿ ನನ್ನದೇ ಮೇಡಂ" ಎಂದರು. ಅಷ್ಟೇ ಅಂದರು.

ಸುಳ್ಳು ಹೇಳಲು ಬಾರದು ಅಂತ ಮುಂಡಪ್ಪಣ್ಣ ಚೀಟಿಯಲ್ಲಿ ಬರೆದ ಮನುಷ್ಯ. ಮೂವತ್ತೊಂದು ವರ್ಷ ಸುಳ್ಳಿಲ್ಲದೆ ಬದುಕಿ, ನನ್ನ ದೆಸೆಯಿಂದ ಒಬ್ಬ ಕೋಚಿನ ಮುಂದೆ ಸುಳ್ಳುಗಾರ ಅನ್ನಿಸಿಕೊಂಡು ತಲೆ ತಗ್ಗಿಸಿ ನಿಂತಿದ್ದರು. ನನ್ನಿಂದ ಆಗಲಿಲ್ಲ.

"ಸಹಿ ಅಷ್ಟೇ ಅವರದು, ಸುಳ್ಳು ನಂದು!" ಎಂದು ಕಿರುಚಿದೆ. ಅಲ್ಲಿದ್ದವರೆಲ್ಲ ತಿರುಗಿ ನೋಡಿದರು. ನಡೆದದ್ದನ್ನೆಲ್ಲ ಮರಾಠಿಯಲ್ಲಿ ಬಡಬಡ ಹೇಳಿ ಪರ್ಸಿನಿಂದ ಆ ಹಾಳೆ ತೆಗೆದೆ. "ಇದು ಅವರು ಬರೆದದ್ದು. ಕನ್ನಡದಲ್ಲಿದೆ."

"ಓದಿ" ಎಂದರು ಅಪೇಕ್ಷಾ ಮೇಡಂ.

ಒಂದೊಂದು ಸಾಲು ಕನ್ನಡದಲ್ಲಿ ಓದಿ, ಮರಾಠಿಯಲ್ಲಿ ಹೇಳಿದೆ. ತಡವಾಗಿ ಬರುತ್ತಾಳೆ ಅನ್ನುವುದರ ಮುಂದೆ ನಾನು ಅವತ್ತು ಕಣ್ಣು ಹಾಯಿಸದೆ ಬಿಟ್ಟ ಮಾತು ಇತ್ತು. "ಅವರ ವಠಾರಕ್ಕೆ ಐದೂವರೆಗೆ ನೀರು ಬರುತ್ತದೆ. ತಾಯಿ ಅಷ್ಟರಲ್ಲಿ ಮಹಾಪೆಯ ಬಸ್ಸಿಗೆ ಹೋಗಿ ಆಗಿರುತ್ತದೆ. ನೀರು ಇವಳೇ ತುಂಬಬೇಕು. ನಿಮ್ಮ ಹಾಸ್ಟೆಲಿನಲ್ಲಿ ನಲ್ಲಿ ಇದ್ದರೆ ಸಮಯಕ್ಕೆ ಬಂದಾಳು." ಸೋತಾಗ ಊಟ ಬಿಡುತ್ತಾಳೆ ಅನ್ನುವುದರ ಮುಂದೆ, "ಆಗ ಬುದ್ಧಿ ಹೇಳಬೇಡಿ, ನೀರುದೋಸೆ ಕೊಡಿ." ಅಪೇಕ್ಷಾ ಮೇಡಂ ಕಣ್ಣು ಒಮ್ಮೆ ಮಾಸ್ತರ ಕೈಯಲ್ಲಿದ್ದ ಡಬ್ಬಿಯ ಕಡೆ ಹೋಯಿತು. ಅಷ್ಟರಲ್ಲಿ ಶ್ರದ್ಧಾ ಹುಲ್ಲಿನಿಂದ ಎದ್ದು ಬಂದು ತಾಯಿಯ ಪಕ್ಕದಲ್ಲಿ ನಿಂತಿದ್ದಳು. ಕನ್ನಡ ಅವಳಿಗೆ ನನ್ನ ಮರಾಠಿಗಿಂತ ಮೊದಲೇ ಮುಟ್ಟುತ್ತಿತ್ತು.

ನಾನು ಹಾಳೆ ತಿರುಗಿಸಿದೆ. ಆ ಬದಿಯನ್ನು ನಾನೂ ಮೊದಲ ಸಲ ಓದುತ್ತಿದ್ದೆ.

"ಎಲ್ಲಕ್ಕಿಂತ ದೊಡ್ಡ ಕುಂದು ತಿರುವು. ತಿರುವಿನಲ್ಲಿ ಹೊರಗೆ ಹೋಗುತ್ತಾಳೆ. ನಿಮ್ಮ ಟ್ರಯಲಿನಲ್ಲೂ ಹೋಗುತ್ತಾಳೆ, ನೋಡಿ. ಇದು ಅವಳ ತಪ್ಪಲ್ಲ. ನನ್ನ ಹತ್ತಿರ ಇರುವುದು ಒಂದು ರಸ್ತೆ, ಅದು ನೆಟ್ಟಗೆ ಉಂಟು. ನಾಲ್ಕು ವರ್ಷ ಅವಳು ಓಡಿದ್ದು ಅದರಲ್ಲೇ. ಮೈದಾನಕ್ಕಾಗಿ ನಾನು ಮೂವತ್ತು ವರ್ಷ ಅರ್ಜಿ ಹಾಕಿದೆ, ಸಿಗಲಿಲ್ಲ. ಬೇರೆ ಮೈದಾನಕ್ಕೆ ವಾರಕ್ಕೆ ಒಮ್ಮೆಯಾದರೂ ಕರೆದುಕೊಂಡು ಹೋಗಬಹುದಿತ್ತು, ಹೋಗಲಿಲ್ಲ. ಅದು ನನ್ನ ಸೋಮಾರಿತನ. ರಸ್ತೆಯಲ್ಲಿ ಅವಳ ಎಂಟ್ನೂರು ಮೀಟರು ಎರಡು ನಿಮಿಷ ಹತ್ತೊಂಬತ್ತು ಸೆಕೆಂಡು. ಜಿಲ್ಲಾ ಕೂಟಕ್ಕೆ ಹೋದಾಗ ಟ್ರ್ಯಾಕಿನಲ್ಲಿ ಎರಡು ನಿಮಿಷ ಇಪ್ಪತ್ತೇಳು. ಈ ಎಂಟು ಸೆಕೆಂಡು ಅವಳದ್ದಲ್ಲ, ನನ್ನದು. ದಯವಿಟ್ಟು ಅವಳ ಲೆಕ್ಕಕ್ಕೆ ಹಿಡಿಯಬೇಡಿ."

ಕಡೆಯ ಎರಡು ಸಾಲನ್ನು ಮರಾಠಿಗೆ ತರುವುದು ಬಿಟ್ಟು ಮಾಸ್ತರ ಕಡೆ ನೋಡಿದೆ. ಆಗ ಶ್ರದ್ಧಾ ಹೇಳಿದಳು. ನಾನು ಓದಿದ್ದನ್ನು ಅವಳೇ ಮರಾಠಿಯಲ್ಲಿ, ಒಂದು ಅಕ್ಷರ ಬಿಡದೆ, ಕೋಚಿನ ಮುಖ ನೋಡುತ್ತಾ ಹೇಳಿದಳು. ಎಂಟು ಸೆಕೆಂಡು ಸರ್ ಅವರದ್ದಂತೆ, ನನ್ನ ಲೆಕ್ಕಕ್ಕೆ ಹಿಡಿಯಬಾರದಂತೆ. ಹೇಳಿ ಮುಗಿಸಿ ಮಾಸ್ತರ ಕಡೆ ತಿರುಗಿ, "ಸರ್, ಖೋಟಂ ಆಹೇ" ಎಂದು ಅಳತೊಡಗಿದಳು. ಸುಳ್ಳು ಅಂತ. ಎದುರು ಮಾತಾಡುವ ಚಾಳಿ ಆಗಲೂ ಬಿಡಲಿಲ್ಲ ನೋಡಿ.

ಅಪೇಕ್ಷಾ ಮೇಡಂ ತಮ್ಮ ಹಾಳೆಯಲ್ಲಿ ಸಮಯ ನೋಡಿದರು. ಎರಡು ನಿಮಿಷ ಇಪ್ಪತ್ತೇಳು ಸೆಕೆಂಡು. ಮಾಸ್ತರು ಬರೆದದ್ದೇ. "ರಸ್ತೆ ಅಳೆದದ್ದು ಹೇಗೆ?" ಎಂದು ಕೇಳಿದರು. ಮಾಸ್ತರು ಟೇಪು, ಕಂಬ, ವಡಾಪಾವ್ ಗಾಡಿ ಎಲ್ಲಾ ಹೇಳಿದರು. ಗಾಡಿಯವನು ಸರಿದರೆ ಎಂದು ಕೇಳಿದಾಗ, "ಸರಿಯುದಿಲ್ಲ ಮೇಡಂ, ಮಾತು ಕೊಟ್ಟಿದ್ದಾನೆ" ಎಂದರು. ಆ ಹೆಂಗಸು ಆಗ ಮೊದಲ ಸಲ ನಕ್ಕರು.

ಆಮೇಲೆ ಶ್ರದ್ಧಾಳ ತೋಳು ಹಿಡಿದು ತಿರುವಿನ ಹತ್ತಿರ ಕರೆದೊಯ್ದರು. ಒಳಗಿನ ಬಿಳಿ ಗೆರೆ ತೋರಿಸಿದರು. ಎಡಭುಜ ಹೇಗೆ ಬಾಗಿಸಬೇಕು, ಬಲಗೈ ಹೇಗೆ ಅಡ್ಡ ಬೀಸಬೇಕು, ತಾವೇ ಮಾಡಿ ತೋರಿಸಿದರು. ಮೊದಲು ನಡೆಸಿದರು. ಆಮೇಲೆ ತಾವೂ ಪಕ್ಕದಲ್ಲಿ ಓಡುತ್ತಾ ನಿಧಾನವಾಗಿ ಓಡಿಸಿದರು, ಐದು ಸಲ, ಆರು ಸಲ. ಬಿಸಿಲು ನೆತ್ತಿಗೆ ಬಂದಿತ್ತು. ಉಳಿದ ಹುಡುಗಿಯರು ನೀರು ಕುಡಿಯುತ್ತಾ ನೋಡುತ್ತಿದ್ದರು. ಶ್ರದ್ಧಾಳ ದಣಿವಾರಲು ಒಂದು ಗಂಟೆ ಕೂರಿಸಿದ ಮೇಲೆ ಅಪೇಕ್ಷಾ ಮೇಡಂ ನಮ್ಮ ಕಡೆ ಬಂದು ಹೇಳಿದರು:

"ಒಂದು ಸುತ್ತು. ನಾನು ಸಮಯ ನೋಡುವುದಿಲ್ಲ, ಗೆರೆ ನೋಡುತ್ತೇನೆ. ಇಷ್ಟು ಹೊತ್ತಿನಲ್ಲಿ ಎಷ್ಟು ಕಲಿತಳು ಅಂತ ನೋಡುತ್ತೇನೆ. ಅದರ ಮೇಲೆ ತೀರ್ಮಾನ."

ಶ್ರದ್ಧಾ ನಿಂತಳು. ಬಾಗಿ ನನ್ನ ಕೈ ಹಿಡಿದಳು, ಚಪಾತಿ ಲಟ್ಟಿಸುವ ಕೈ, ಬೆರಳು ಪುಡಿಯಾಗುವ ಹಾಗೆ ಹಿಡಿದಳು. ಪಕ್ಕಕ್ಕೆ ನೋಡಿದರೆ ಮಾಸ್ತರು ಟ್ರ್ಯಾಕಿಗೆ ಬೆನ್ನು ಹಾಕಿ, ಬೇಲಿಯ ಕಡೆ ಮುಖ ಮಾಡಿ ನಿಂತಿದ್ದರು.

"ಮಾಸ್ತರ್ರೆ, ಈ ಕಡೆ ನೋಡ್ರಿ! ಓಡ್ಲಿಕ್ಹತ್ಯಾಳ!"

"ತಿರುವು ನನ್ನಿಂದ ನೋಡ್ಲಿಕ್ಕೆ ಆಗುದಿಲ್ಲ ಬಾಯಿ. ನೆಟ್ಟಗೆ ಬಂದಾಗ ಹೇಳಿ."

ಮೊದಲ ತಿರುವು. ಹುಡುಗಿ ಗೆರೆಯನ್ನೇ ನೋಡುತ್ತಾ ಹೋದಳು. ನಡುವೆ ಒಮ್ಮೆ ಹೊರಗೆ ಜಾರಿದಳು, ನನ್ನ ಜೀವ ಬಾಯಿಗೆ ಬಂತು, ಮತ್ತೆ ಒಳಗೆ ಬಂದಳು. ಆಚೆ ನೆಟ್ಟಗಿನ ದಾರಿ. ಎರಡನೆಯ ತಿರುವು. ಎಡಭುಜ ಬಾಗಿತು, ಬಲಗೈ ಅಡ್ಡ ಬೀಸಿತು, ಗೆರೆಗೂ ಅವಳ ಕಾಲಿಗೂ ಒಂದು ಗೇಣು ಅಂತರ. ಕೊನೆಯವರೆಗೂ ಆ ಒಂದು ಗೇಣು ಹಾಗೇ ಇತ್ತು.

"ನೆಟ್ಟಗ ಬಂದ್ಳು ಮಾಸ್ತರ್ರೆ!" ಎಂದು ಕೂಗಿದೆ.

ಮಾಸ್ತರು ತಿರುಗಿದರು. ಆ ಕೊನೆಯ ನೂರು ಮೀಟರು ಅವಳು ಓಡಿದ್ದನ್ನು ಬರೆಯಲು ನನಗೆ ಬರುವುದಿಲ್ಲ. ಮಾಸ್ತರು ಸೀಟಿ ಬಾಯಿಗೆ ಇಟ್ಟುಕೊಂಡವರು ಊದುವುದನ್ನೇ ಮರೆತರು. ಬಾಗಿ ತುಳುವಿನಲ್ಲಿ ಏನೇನೋ ಕೂಗುತ್ತಿದ್ದಳು. ನನಗೆ ತುಳು ಬರುವುದಿಲ್ಲ, ಆದರೂ ನಾನೂ ಅದನ್ನೇ ಕೂಗಿದೆ.

ಅಪೇಕ್ಷಾ ಮೇಡಂ ಮೊದಲು ಬಂದವಳ ಹೆಸರು ಬರೆದರು, ಅದರ ಕೆಳಗೆ ಶ್ರದ್ಧಾಳ ಹೆಸರು ಬರೆದರು. ನಾನು ಟೈಪ್ ಮಾಡಿದ ಪತ್ರವನ್ನು ನನ್ನ ಕೈಗೆ ವಾಪಸ್ಸು ಕೊಟ್ಟು, ಮಾಸ್ತರ ಹಾಳೆಯನ್ನು ಫೈಲಿಗೆ ಹಾಕಿಕೊಂಡರು. "ತಿರುವು ನಾನು ಕಲಿಸುತ್ತೇನೆ ಸರ್. ಆ ನೆಟ್ಟಗಿನ ಓಟ ಯಾರಿಗೂ ಕಲಿಸಲು ನನಗೆ ಬರುವುದಿಲ್ಲ" ಎಂದರು. ಮಾಸ್ತರು ಡಬ್ಬಿ ತೆರೆದು ಅವರ ಮುಂದೆ ಹಿಡಿದರು. ಸೋತವರಿಗೆ ಅಂತ ತಂದ ನೀರುದೋಸೆಯನ್ನು ಅವತ್ತು ಕೋಚೂ ತಿಂದರು.

ಲೋಕಲಿನಲ್ಲಿ ವಾಪಸ್ಸು ಬರುವಾಗ ಮಾಸ್ತರ ಎದುರು ಕೂತು ತಪ್ಪಾಯ್ತು ಅಂದೆ. "ಪತ್ರ ಚೆಂದ ಇತ್ತು ಬಾಯಿ" ಎಂದರು. "ಆದರೆ ಅದು ಯಾರ ಬಗ್ಗೆ ಅಂತ ಮಾತ್ರ ನನಗೆ ಗೊತ್ತಾಗ್ಲಿಲ್ಲ." ಶ್ರದ್ಧಾ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು. ನನ್ನ ಮಾನ ಹೋಯಿತು, ಆದರೂ ನಾನೂ ನಕ್ಕೆ. ಅವತ್ತಿನಿಂದ ಮಾಸ್ತರು ನಾನು ಕೊಟ್ಟ ಪ್ರತಿ ಕಾಗದವನ್ನೂ ಓದಿ ಸಹಿ ಹಾಕುತ್ತಾರೆ. ಒಂದು ಬೋನಾಫೈಡ್ ಸರ್ಟಿಫಿಕೇಟಿಗೆ ಹತ್ತು ನಿಮಿಷ ತೆಗೆದುಕೊಳ್ಳುತ್ತಾರೆ, ಇದೂ ಒಂದು ಕುಂದು ಎಂದು ಬರೆದುಕೊಳ್ಳಿ.

ಇಷ್ಟು ಬರೆದು ನಿಲ್ಲಿಸಿದ್ದೆ. ಮೊನ್ನೆ ಭಾನುವಾರ ಶ್ರದ್ಧಾಳಿಂದ ಮೆಸೇಜು ಬಂತು. ಕಾಲೇಜುಗಳ ನಡುವಿನ ಕೂಟ ಇತ್ತು. ಗೆದ್ದೆ ಅಂತಿಲ್ಲ, ಸೋತೆ ಅಂತಿಲ್ಲ, ಒಂದೇ ಒಂದು ಅಂಕಿ: 2:18.

ಸೋಮವಾರ ಬೆಳಿಗ್ಗೆ ಮಾಸ್ತರು ಎಂದಿನಂತೆ ನನ್ನ ಕಿಟಕಿಯ ಕೆಳಗೆ ಸೀಟಿ ಊದುತ್ತಿದ್ದರು. ಐವತ್ತರ ಹೆಂಗಸು ನಾನು, ಮೆಟ್ಟಿಲು ಇಳಿದು ಓಡಿದೆ. ಫೋನು ಅವರ ಮುಖಕ್ಕೆ ಹಿಡಿದೆ. ಚಷ್ಮಾ ಇರಲಿಲ್ಲ, ದೂರ ಹಿಡಿದು ನೋಡಿದರು. ಬಾಯಲ್ಲಿ ಲೆಕ್ಕ ಹಾಕಿದರು, ಆಮೇಲೆ ಬೆರಳಿನಲ್ಲಿ ಲೆಕ್ಕ ಹಾಕಿದರು. ಬಿಲ್ಲು ಕೂಡಿಸಲು ಬಾರದ ಮನುಷ್ಯ, ಮೂರು ಸಲ ಮೊದಲಿನಿಂದ ಎಣಿಸಿದರು.

"ಇಪ್ಪತ್ತೇಳರಿಂದ ಹದಿನೆಂಟು. ಎಂಟಲ್ಲ ಬಾಯಿ, ಒಂಬತ್ತು."

"ಹೌದ್ರಿ. ಒಂಬತ್ತು."

"ಎಂಟು ನನ್ನದು, ಅದು ಹೋಯಿತು" ಎಂದರು. ಸೀಟಿಯ ದಾರವನ್ನು ಬೆರಳಿಗೆ ಸುತ್ತಿಕೊಂಡರು. ಮಕ್ಕಳು ಸಾಲಿನಲ್ಲಿ ಕಾಯುತ್ತಿದ್ದರು.

"ಆ ಒಂದು ಅವಳದ್ದು ಬಾಯಿ. ಅದು ಅವಳದ್ದೇ."